ಪಿಕಪ್ ಜಾಸ್ತಿ ಆಯ್ತು ಅಂತೀರಲ್ಲ, ಅಳೆದು ನೋಡಿದಿರಾ?

ಹೊಸ ಇಂಟೇಕ್ (ಎಂಜಿನ್‌ಗೆ ಗಾಳಿ ಹೋಗುವ ಪೈಪು, ಫಿಲ್ಟರ್) ಹಾಕಿ, ಹಳೆಯ ಸೈಲೆನ್ಸರ್ ಬಿಚ್ಚಿ ದಪ್ಪ ಪೈಪಿನದೊಂದು ಕೂರಿಸಿ, ಕೈಗೆ ಹತ್ತಿದ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾರನ್ನು ಹೊರಗೆ ತೆಗೆಯುತ್ತೀರಿ. ಆಕ್ಸಿಲರೇಟರ್ ಒತ್ತಿದ ತಕ್ಷಣ ಬಾನೆಟ್ ಒಳಗಿಂದ ಗಾಳಿ ಎಳೆಯುವ ಸದ್ದು, ಹಿಂದಿನಿಂದ ಗುಡುಗು. "ಪಿಕಪ್ ಜಾಸ್ತಿ ಆಯ್ತು" ಅನ್ನುವ ಮಾತು ತಾನಾಗೇ ಬಾಯಿಗೆ ಬರುತ್ತದೆ. ಆ ಮೊದಲ ಐದು ನಿಮಿಷದಲ್ಲಿ ಹೇಳಿದ ಮಾತನ್ನು ನಂಬಬೇಡಿ. ಅದು ನಿಮ್ಮದೇ ಮಾತಾದರೂ ಸರಿ.

ಕಿವಿ ಮೋಸ ಮಾಡುತ್ತದೆ. ಸದ್ದು ದೊಡ್ಡದಾದರೆ ವೇಗವೂ ಹೆಚ್ಚಿದ ಹಾಗೆ ಅನ್ನಿಸುತ್ತದೆ. ಹೊಸ ಸಾಮಾನು ಹಾಕಿದ ದಿನ ಕಾಲು ಕೂಡ ಒಂದಿಷ್ಟು ಆಳಕ್ಕೆ ಇಳಿಯುತ್ತದೆ, ಗೇರ್ ಸ್ವಲ್ಪ ತಡವಾಗಿ ಬದಲಾಗುತ್ತದೆ. ದುಡ್ಡು ಕೊಟ್ಟು, ಅರ್ಧ ದಿನ ಕಾರಿನಡಿ ಮಲಗಿ ಕೆಲಸ ಮಾಡಿದವರಿಗೆ "ಏನೂ ಆಗಲಿಲ್ಲ" ಅಂತ ಒಪ್ಪಿಕೊಳ್ಳೋದು ಕಷ್ಟ ಅಲ್ವಾ? ಟರ್ಬೋ (ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇಲ್ಲದ ಮಾಮೂಲಿ ಪೆಟ್ರೋಲ್ ಕಾರಿಗೆ ಮನೆಯಲ್ಲೇ ಮಾಡುವ ಇಂಥ ಬದಲಾವಣೆಯಿಂದ ಸಿಗುವ ಶಕ್ತಿಯ ಹೆಚ್ಚಳ ಹೆಚ್ಚಾಗಿ ನೂರಕ್ಕೆ ಒಂದೆರಡು, ಅದೃಷ್ಟ ಚೆನ್ನಾಗಿದ್ದರೆ ಐದು. ಇಷ್ಟು ಸಣ್ಣ ವ್ಯತ್ಯಾಸ ಬೆನ್ನಿಗೆ ಗೊತ್ತಾಗುವುದಿಲ್ಲ. ಅಳೆಯಲು ಮಾತ್ರ ಬರುತ್ತದೆ, ಶಕ್ತಿ ಅಳೆಯುವ ಯಂತ್ರ ಡೈನೋ ಇಲ್ಲದೆಯೂ ಬರುತ್ತದೆ. ನಿಜವಾದ ಕಷ್ಟ ಆಮೇಲಿನದು: ಸಿಕ್ಕಿದ ವ್ಯತ್ಯಾಸ ಹೊಸ ಪೈಪಿನದೋ, ಆ ದಿನದ ಹವೆಯದೋ ಅಂತ ಬೇರ್ಪಡಿಸುವುದು.

ಶಕ್ತಿ ಅಂದರೆ ಯಾವ ಸಂಖ್ಯೆ

ಟಾರ್ಕ್ ಅಂದರೆ ತಿರುಗಿಸುವ ಬಲ. ಆ ಬಲದಿಂದ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿಸುತ್ತೀರಿ ಅನ್ನುವುದೂ ಸೇರಿದರೆ ಪವರ್, ಅಂದರೆ ಶಕ್ತಿ. ಲೆಕ್ಕ ಸುಲಭ: ನ್ಯೂಟನ್ ಮೀಟರಿನಲ್ಲಿ ಟಾರ್ಕ್ ತೆಗೆದುಕೊಂಡು ಆರ್‌ಪಿಎಂನಿಂದ ಗುಣಿಸಿ, 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 6,000 ಆರ್‌ಪಿಎಂನಲ್ಲಿ 100 ನ್ಯೂಟನ್ ಮೀಟರ್ ಇದ್ದರೆ 62.8 ಕಿಲೋವ್ಯಾಟ್, ಅಂದರೆ ಸುಮಾರು 85 ಪಿಎಸ್. ಇಲ್ಲೇ ಒಂದು ಸಣ್ಣ ಗುಂಡಿ ಇದೆ. ಪಿಎಸ್, ಬಿಎಚ್‌ಪಿ ಎರಡೂ ಹಾರ್ಸ್‌ಪವರ್ ಅಳತೆಗಳೇ, ಆದರೆ ಪಿಎಸ್ ಅಂದರೆ 735.5 ವ್ಯಾಟ್, ಬಿಎಚ್‌ಪಿ ಅಂದರೆ 745.7 ವ್ಯಾಟ್. ಮೊದಲಿನ ಅಳತೆ ಬಿಎಚ್‌ಪಿಯಲ್ಲಿ, ಆಮೇಲಿನದು ಪಿಎಸ್‌ನಲ್ಲಿ ಬರೆದರೆ ಸ್ಪ್ಯಾನರ್ ಮುಟ್ಟದೆಯೇ ಶೇಕಡಾ 1.4 "ಹೆಚ್ಚಳ" ಸಿಕ್ಕಿಬಿಡುತ್ತದೆ!

ಎಂಜಿನ್ ಒಂದು ಗಾಳಿ ಪಂಪ್. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಜಾಸ್ತಿ ಪೆಟ್ರೋಲ್ ಸುರಿಯುವುದು ಸುಲಭ, ಜಾಸ್ತಿ ಗಾಳಿ ತುಂಬುವುದೇ ಕಷ್ಟ. 1.2 ಲೀಟರ್ ಎಂಜಿನ್ 6,000 ಆರ್‌ಪಿಎಂನಲ್ಲಿ ತಿರುಗುವಾಗ, ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ ಅಂದರೆ, ಸೆಕೆಂಡಿಗೆ 60 ಲೀಟರ್ ಗಾಳಿ. ಮೂರು ಬಕೆಟ್ ಗಾಳಿ, ಪ್ರತಿ ಸೆಕೆಂಡು. ಈ ಗಾಳಿ ಬರುವ ದಾರಿಯಲ್ಲಿ ಎಲ್ಲಿ ಇಕ್ಕಟ್ಟಿದೆಯೋ ಅಲ್ಲಿ ಒತ್ತಡ ಇಳಿಯುತ್ತದೆ, ಸಿಲಿಂಡರಿಗೆ ಹೋಗುವ ಗಾಳಿ ಅಷ್ಟು ತೆಳುವಾಗುತ್ತದೆ. ಇಂಟೇಕ್ ಬದಲಾಯಿಸುವುದರ ಅರ್ಥ ಇಷ್ಟೇ: ಆ ಇಕ್ಕಟ್ಟನ್ನು ಸಡಿಲ ಮಾಡುವುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅರ್ಧ ಪೆಡಲ್‌ನಲ್ಲಿ ಓಡಿಸುವಾಗ ಗಾಳಿಗೆ ಅಡ್ಡ ನಿಂತಿರುವುದು ಫಿಲ್ಟರ್ ಅಲ್ಲ, ಪೆಡಲ್ ಒತ್ತಿದಂತೆ ತೆರೆದುಕೊಳ್ಳುವ ಥ್ರಾಟಲ್‌ನ ಬಾಗಿಲು. ಅದು ಅರ್ಧ ಮುಚ್ಚಿರುವಾಗ ಅದರ ಹಿಂದಿನ ಪೈಪ್ ಎಷ್ಟು ದಪ್ಪ ಇದ್ದರೇನು? ಹಾಗಾಗಿ ಇಲ್ಲಿ ಹೇಳುವ ಅಳತೆಯೆಲ್ಲ ಪೆಡಲ್ ಪೂರ್ತಿ ಒತ್ತಿದಾಗಿನದು.

ಬಾಟಲಿ, ಪೈಪು, ಬಣ್ಣದ ನೀರು

ಎಷ್ಟು ಹೆಚ್ಚಾಯಿತು ಅಂತ ಅಳೆಯುವ ಮೊದಲು, ಅತಿ ಹೆಚ್ಚು ಅಂದರೆ ಎಷ್ಟು ಹೆಚ್ಚಾಗಬಲ್ಲದು ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಸಾಮಾನು ತಂದು ಹಾಕಿದ ಮೇಲೆ ಲೆಕ್ಕ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಉಪಯೋಗದ ಅಳತೆ ಇದೇ, ಅದಕ್ಕೆ ಬೇಕಾಗಿರುವುದು ಒಂದು ಬಾಟಲಿ ನೀರು ಮತ್ತು ಮೂರು ನಾಲ್ಕು ಮೀಟರ್ ಪಾರದರ್ಶಕ ಸಣ್ಣ ಪೈಪು.

ಏರ್ ಬಾಕ್ಸ್‌ನಿಂದ (ಫಿಲ್ಟರ್ ಕೂತಿರುವ ಡಬ್ಬಿ) ಥ್ರಾಟಲ್‌ಗೆ ಹೋಗುವ ದಪ್ಪ ರಬ್ಬರ್ ಅಥವಾ ಪ್ಲಾಸ್ಟಿಕ್ ಪೈಪ್ ಇರುತ್ತದಲ್ಲ, ಅದನ್ನು ಕಾರಿನಿಂದ ಬಿಚ್ಚಿ ಹೊರಗಿಟ್ಟುಕೊಂಡು ನೇರ ಇರುವ ಕಡೆ ಒಂದು ಸಣ್ಣ ತೂತು ಮಾಡಿ, ಚಿಕ್ಕ ನಿಪ್ಪಲ್ ಕೂರಿಸಿ. ಕಾರಿನಲ್ಲೇ ಇಟ್ಟು ಡ್ರಿಲ್ ಮಾಡಿದರೆ ಅದರ ಪುಡಿ ಎಂಜಿನ್ ಒಳಗೆ ಹೋಗುತ್ತದೆ. ನಿಪ್ಪಲ್‌ನ ತುದಿ ಒಳಗೆ ಚಾಚಿಕೊಂಡಿರಬಾರದು, ಗೋಡೆಗೆ ಸಮನಾಗಿರಬೇಕು. ಚಾಚಿಕೊಂಡರೆ ಹರಿಯುವ ಗಾಳಿಯ ವೇಗವೂ ಒತ್ತಡದ ಜೊತೆ ಬೆರೆತು ಅಳತೆ ಹಾಳಾಗುತ್ತದೆ. ಆ ನಿಪ್ಪಲ್‌ಗೆ ಸಣ್ಣ ಪೈಪ್ ಸಿಕ್ಕಿಸಿ, ಬಾನೆಟ್ ಸಂದಿಯಿಂದ ಕಿಟಕಿಯ ಮೂಲಕ ಒಳಗೆ ತನ್ನಿ, ಎಲ್ಲೂ ಚಪ್ಪಟೆಯಾಗದ ಹಾಗೆ ನೋಡಿಕೊಳ್ಳಿ. ಒಳಗೆ ಪೈಪನ್ನು ಮೊದಲು ಚಾವಣಿಯವರೆಗೆ ಏರಿಸಿ, ಅಲ್ಲಿಂದ ಕೆಳಗಿಳಿಸಿ, ಕಾಲ ಬಳಿ ಇಟ್ಟ ಬಾಟಲಿಯ ನೀರಿನಲ್ಲಿ ಮುಳುಗಿಸಿ. ಬಾಟಲಿಯ ಬಾಯಿ ತೆರೆದೇ ಇರಬೇಕು. ನೀರಿಗೆ ನಾಲ್ಕು ತೊಟ್ಟು ಇಂಕು ಹಾಕಿ. ಪೈಪಿನ ಪಕ್ಕ ಒಂದು ಅಡಿಪಟ್ಟಿ ಅಂಟಿಸಿ.

ಈಗ ಎಂಜಿನ್ ಗಾಳಿ ಎಳೆದಾಗ ನೀಲಿ ನೀರು ಪೈಪಿನಲ್ಲಿ ಮೇಲೇರುತ್ತದೆ. ಮಾಮೂಲಿ ಓಡಾಟದಲ್ಲಿ ಒಂದೆರಡು ಸೆಂಟಿಮೀಟರ್ ಏರಿ ಇಳಿಯುತ್ತಿರುತ್ತದೆ. ಪೆಡಲ್ ಪೂರ್ತಿ ಒತ್ತಿ ಎಂಜಿನ್ ಕೂಗತೊಡಗಿದಾಗ ನೀರು ನಡುಗುತ್ತಾ ಹತ್ತುತ್ತದೆ: ಐದು, ಎಂಟು, ಹನ್ನೆರಡು. ಅತಿ ಎತ್ತರಕ್ಕೆ ಹೋದ ಜಾಗವನ್ನು ಪಕ್ಕದಲ್ಲಿ ಕೂತವರು ಓದಿ ಬರೆದುಕೊಳ್ಳಬೇಕು. ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರಲಿ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ನಿಪ್ಪಲ್ ಥ್ರಾಟಲ್‌ಗಿಂತ ಮೊದಲೇ ಇರಬೇಕು. ಥ್ರಾಟಲ್ ಆಚೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ, ಐಡ್ಲಿಂಗ್‌ನಲ್ಲೇ 60 ರಿಂದ 70 ಕಿಲೋಪ್ಯಾಸ್ಕಲ್ ನಿರ್ವಾತ ಇರುತ್ತದೆ. ಅಷ್ಟು ನಿರ್ವಾತ ನೀರನ್ನು ಆರೇಳು ಮೀಟರ್ ಎತ್ತಬಲ್ಲದು. ಅಲ್ಲಿಗೆ ಸಿಕ್ಕಿಸಿದರೆ ಬಾಟಲಿಯ ನೀರೆಲ್ಲ ಒಂದೇ ಗುಟುಕಿಗೆ ಎಂಜಿನ್ ಹೊಟ್ಟೆಗೆ ಹೋಗುತ್ತದೆ.

ಇನ್ನು ಲೆಕ್ಕ. 10 ಸೆಂಟಿಮೀಟರ್ ನೀರು ಅಂದರೆ ಸುಮಾರು 1 ಕಿಲೋಪ್ಯಾಸ್ಕಲ್. ಹೊರಗಿನ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಸುಮಾರು 100 ಕಿಲೋಪ್ಯಾಸ್ಕಲ್. ಹಾಗಾಗಿ 10 ಸೆಂಟಿಮೀಟರ್ ಏರಿದರೆ ಗಾಳಿ ಹೆಚ್ಚೂಕಡಿಮೆ ನೂರಕ್ಕೆ ಒಂದರಷ್ಟು ತೆಳುವಾಗಿದೆ, ಶಕ್ತಿಯೂ ಹೆಚ್ಚೂಕಡಿಮೆ ಅಷ್ಟೇ ಹೋಗುತ್ತಿದೆ. ನಿಮ್ಮ 75 ಪಿಎಸ್ ಕಾರಿನಲ್ಲಿ ನೀರು 18 ಸೆಂಟಿಮೀಟರ್ ಏರಿತು ಅಂದುಕೊಳ್ಳಿ. ಇಂಟೇಕ್ ದಾರಿಯ ಇಕ್ಕಟ್ಟನ್ನೆಲ್ಲ ಮಂತ್ರ ಹಾಕಿದ ಹಾಗೆ ಮಾಯ ಮಾಡಿದರೂ ಸಿಗುವುದು ಶೇಕಡಾ 1.8, ಅಂದರೆ ಸುಮಾರು 1.3 ಪಿಎಸ್. ಪೆಟ್ಟಿಗೆಯ ಮೇಲೆ "10 ಪಿಎಸ್ ಹೆಚ್ಚಳ" ಅಂತ ಬರೆದಿದ್ದರೆ, ಆ ಉಳಿದ ಪಿಎಸ್ ಎಲ್ಲಿಂದ ಬರುತ್ತದೆ ಅಂತ ಮಾರುವವರನ್ನೇ ಕೇಳಬೇಕು. ಪೈಪಿನ ಉದ್ದ, ಆಕಾರ ಬದಲಾದಾಗ ಗಾಳಿಯ ಅಲೆಗಳು ಕೂಡಿಬಂದು ಯಾವುದೋ ಒಂದು ಆರ್‌ಪಿಎಂನಲ್ಲಿ ಸ್ವಲ್ಪ ಹೆಚ್ಚು ತುಂಬಿಸುವುದು ಉಂಟು. ಆದರೆ ಹಾಗೆ ಬಂದದ್ದು ಸಾಮಾನ್ಯವಾಗಿ ಇನ್ನೊಂದು ಆರ್‌ಪಿಎಂನಲ್ಲಿ ಹೋಗಿರುತ್ತದೆ.

ಇದೇ ಬಾಟಲಿಯಿಂದ ಇನ್ನೊಂದು ಉಪಕಾರ ಇದೆ. ಫಿಲ್ಟರ್‌ಗಿಂತ ಮೊದಲು, ಏರ್ ಬಾಕ್ಸ್‌ಗೆ ಗಾಳಿ ಬರುವ ಬದಿಯಲ್ಲಿ ಇನ್ನೊಂದು ನಿಪ್ಪಲ್ ಹಾಕಿ ಅಲ್ಲೂ ಅಳೆಯಿರಿ. ಒಟ್ಟು 18ರಲ್ಲಿ 11 ಸೆಂಟಿಮೀಟರ್ ಅಲ್ಲೇ ಹೋಗಿದೆ ಅಂದರೆ ತಪ್ಪು ಗಾಳಿ ಒಳಗೆ ಬರುವ ಮೂತಿಯದು, ಫಿಲ್ಟರ್‌ನದಲ್ಲ. ಶುದ್ಧವಾಗಿರುವ ಕಾಗದದ ಫಿಲ್ಟರ್ ಎಷ್ಟೋ ಕಾರುಗಳಲ್ಲಿ ಪಾಪದ್ದು. ಇಕ್ಕಟ್ಟು ಇರುವುದು ಮೂತಿಯಲ್ಲಿ, ಇಲ್ಲವೇ ಒಂದು ಚೂಪು ತಿರುವಿನಲ್ಲಿ. ಅದು ಗೊತ್ತಾದರೆ ದುಬಾರಿ ಫಿಲ್ಟರ್ ತರುವ ಬದಲು ಮೂತಿಯೊಂದನ್ನೇ ಸ್ವಲ್ಪ ಅಗಲ ಮಾಡಿದರೆ ಸಾಕು.

ಕೋನ್ ಫಿಲ್ಟರ್ ಮತ್ತು ಬಿಸಿ ಗಾಳಿ

ಏರ್ ಬಾಕ್ಸ್ ಪೂರ್ತಿ ತೆಗೆದು ಬಾನೆಟ್ ಒಳಗೆ ಬರೀ ಒಂದು ಕೋನ್ ಫಿಲ್ಟರ್ ನಿಲ್ಲಿಸುವುದು ಬಹಳ ಜನರ ಮೊದಲ ಕೆಲಸ. ಸದ್ದು ಚೆನ್ನಾಗಿರುತ್ತದೆ, ನೀರಿನ ಬಾಟಲಿಯಲ್ಲೂ ಅಂಕಿ ಇಳಿಯುತ್ತದೆ. ಆದರೆ ಅದು ಉಸಿರಾಡುವ ಗಾಳಿ ಯಾವುದು? ರೇಡಿಯೇಟರ್ ಹಿಂದಿನ, ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದ ಗಾಳಿ. ಹೊರಗೆ 30 ಡಿಗ್ರಿ ಇರುವಾಗ ಟ್ರಾಫಿಕ್‌ನಲ್ಲಿ ನಿಂತರೆ ಆ ಜಾಗ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. 30 ಡಿಗ್ರಿಯ ಗಾಳಿಗೆ ಹೋಲಿಸಿದರೆ 60 ಡಿಗ್ರಿಯ ಗಾಳಿ ಶೇಕಡಾ 9ರಷ್ಟು ತೆಳು. ಜೊತೆಗೆ ಬಿಸಿ ಗಾಳಿ ಕಂಡ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗೇ ಸಿಡಿಯುವುದು) ಆಗದಿರಲಿ ಅಂತ ಇಗ್ನಿಷನ್ ಟೈಮಿಂಗ್ ಅನ್ನೂ, ಅಂದರೆ ಕಿಡಿ ಹಾರಿಸುವ ಗಳಿಗೆಯನ್ನೂ, ತಡ ಮಾಡುತ್ತದೆ. ಇಕ್ಕಟ್ಟಿನಲ್ಲಿ ಒಂದು ಉಳಿಸಿ ಬಿಸಿಯಲ್ಲಿ ಮೂರು ಕಳೆದ ಹಾಗೆ.

ಇದನ್ನು ಪರೀಕ್ಷಿಸಲು ಓಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರಿನ ಅಂಕಿ ಓದುವ ಜಾಗ) ಸಿಕ್ಕಿಸುವ ಸಣ್ಣ ಅಡಾಪ್ಟರ್ ಮತ್ತು ಫೋನ್ ಸಾಕು. ಇಂಟೇಕ್ ಗಾಳಿಯ ಉಷ್ಣತೆ ತೋರಿಸುವ ಅಂಕಿಯನ್ನು ನೋಡುತ್ತಾ ಅದೇ ದಾರಿಯಲ್ಲಿ ಹಳೆಯ ಏರ್ ಬಾಕ್ಸ್ ಹಾಕಿ ಒಮ್ಮೆ, ಕೋನ್ ಹಾಕಿ ಒಮ್ಮೆ ಓಡಿಸಿ. ಹೊರಗಿನ ಉಷ್ಣತೆಗಿಂತ ಎಷ್ಟು ಮೇಲಿದೆ ಅನ್ನುವುದೇ ಉತ್ತರ. ಕಂಪನಿಯವರು ಹೆಡ್‌ಲೈಟ್ ಪಕ್ಕದಿಂದಲೋ ಗ್ರಿಲ್ ಹಿಂದಿನಿಂದಲೋ ಮೂತಿ ತಂದಿರುತ್ತಾರಲ್ಲ, ಅದು ಸುಮ್ನೆ ಅಲ್ಲ.

ಎಕ್ಸಾಸ್ಟ್ ಕಡೆಯ ಲೆಕ್ಕ ಬೇರೆ

ಹೊಗೆ ಹೊರಗೆ ಹೋಗುವ ದಾರಿಯಲ್ಲೂ ಇಕ್ಕಟ್ಟು ಇದೆ, ಅದನ್ನೇ ಬ್ಯಾಕ್ ಪ್ರೆಶರ್ ಅನ್ನುವುದು. ಆದರೆ ಒಂದು ಕಿಲೋಪ್ಯಾಸ್ಕಲ್‌ಗೆ ಒಂದು ಶೇಕಡಾ ಅನ್ನುವ ಲೆಕ್ಕ ಇಲ್ಲಿ ನಡೆಯದು. ಟರ್ಬೋ ಇಲ್ಲದ ಎಂಜಿನ್ ಪೂರ್ತಿ ಪೆಡಲ್‌ನಲ್ಲಿ ಪಿಸ್ಟನ್ ಮೇಲೆ ಸರಾಸರಿ ಸುಮಾರು 1,000 ಕಿಲೋಪ್ಯಾಸ್ಕಲ್‌ನಷ್ಟು ಉಪಯುಕ್ತ ಒತ್ತಡ ಹಾಕುತ್ತದೆ. ಹೊಗೆಯನ್ನು ಹೊರದಬ್ಬಲು ಅದರಲ್ಲಿ 10 ಕಿಲೋಪ್ಯಾಸ್ಕಲ್ ಖರ್ಚಾದರೆ ನೇರವಾಗಿ ಹೋಗುವುದು ನೂರಕ್ಕೆ ಒಂದು. ಸಿಲಿಂಡರಿನಲ್ಲಿ ಉಳಿದ ಹಳೆಯ ಹೊಗೆ ಹೊಸ ಗಾಳಿಯ ಜಾಗ ತಿನ್ನುವುದರಿಂದ ಇನ್ನೂ ಸ್ವಲ್ಪ. ಅಂದರೆ ಒಂದೇ ಪ್ರಮಾಣದ ಇಕ್ಕಟ್ಟು ಇಂಟೇಕ್‌ನಲ್ಲಿ ಮಾಡುವ ನಷ್ಟ ಎಕ್ಸಾಸ್ಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ಎಕ್ಸಾಸ್ಟ್‌ನಲ್ಲಿ ಇಕ್ಕಟ್ಟೇ ಹೆಚ್ಚು, ಹತ್ತಾರು ಕಿಲೋಪ್ಯಾಸ್ಕಲ್ ಇರಬಹುದು. ಹಾಗಾಗಿ ಅಲ್ಲೂ ಗಳಿಸಲು ಒಂದಿಷ್ಟು ಇರುತ್ತದೆ.

ಅಳೆಯುವುದು ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್‌ನ ತೂತಿನಿಂದ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲಿರುವ ಸೆನ್ಸರ್ ಬಿಚ್ಚಿ, ಅದೇ ಥ್ರೆಡ್‌ನ ಅಡಾಪ್ಟರ್ ಹಾಕಿ, ಒಂದು ಮೀಟರ್ ಲೋಹದ ಕೊಳವೆ ಜೋಡಿಸಿ, ಅದರ ತುದಿಗೆ ರಬ್ಬರ್ ಪೈಪ್ ಮತ್ತು ಸಣ್ಣ ಪ್ರೆಶರ್ ಗೇಜ್. ಲೋಹದ ಕೊಳವೆ ಇಲ್ಲದೆ ರಬ್ಬರ್ ನೇರವಾಗಿ ಸಿಕ್ಕಿಸಿದರೆ ಕರಗಿ ಹೋಗುತ್ತದೆ, ಅಲ್ಲಿ ನೂರಾರು ಡಿಗ್ರಿ ಬಿಸಿ. ಸೆನ್ಸರ್ ಇಲ್ಲದ್ದರಿಂದ ಡ್ಯಾಶ್‌ಬೋರ್ಡ್‌ನಲ್ಲಿ ಚೆಕ್ ಎಂಜಿನ್ ದೀಪ ಬರುತ್ತದೆ, ಒಂದೆರಡು ಓಟದ ಮಟ್ಟಿಗೆ ಮಾತ್ರ ಈ ಕೆಲಸ. ಹಿಂದಿನ ಸೈಲೆನ್ಸರ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಅಂತ ನೋಡಿದರೆ ಆ ಸೈಲೆನ್ಸರ್‌ನ ಪಾಲು ಎಷ್ಟು ಅಂತ ತಿಳಿಯುತ್ತದೆ. ಒಟ್ಟು 30 ಕಿಲೋಪ್ಯಾಸ್ಕಲ್‌ನಲ್ಲಿ ಅದರ ಪಾಲು ಬರೀ 4 ಇದ್ದರೆ, ಹೊಸ ಸೈಲೆನ್ಸರ್‌ನಿಂದ ಸಿಗುವುದು ಸದ್ದು ಮಾತ್ರ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವ ಯೋಚನೆ ಬಿಡಿ. ಎಷ್ಟೋ ದೇಶಗಳಲ್ಲಿ ಅದು ಅಪರಾಧ, ಹಿಂದೆ ಬರುವವರ ಶ್ವಾಸಕ್ಕೂ ವಿಷ.

"ಎಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು" ಅನ್ನುವ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು. ಎಂಜಿನ್‌ಗೆ ಬೇಕಾದದ್ದು ಹೊಗೆಯ ವೇಗ. ವಾಲ್ವ್ ತೆರೆದಾಗ ಒತ್ತಡದ ಅಲೆಯೊಂದು ಪೈಪಿನಲ್ಲಿ ಓಡಿ, ಪೈಪ್ ಅಗಲವಾಗುವ ಕಡೆಯಿಂದ ಎಳೆಯುವ ಅಲೆಯಾಗಿ ವಾಪಸ್ ಬರುತ್ತದೆ. ಅದು ಸರಿಯಾದ ಗಳಿಗೆಗೆ ಬಂದರೆ ಉಳಿದ ಹೊಗೆಯನ್ನು ಎಳೆದು ಹಾಕುತ್ತದೆ. ಪೈಪ್ ತೀರಾ ದಪ್ಪವಾದರೆ ಹೊಗೆ ನಿಧಾನವಾಗುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ ಬೀಳುತ್ತದೆ. ಅದನ್ನು ನೋಡಿದವರು "ಬ್ಯಾಕ್ ಪ್ರೆಶರ್ ಹೋಯ್ತು" ಅಂದುಕೊಂಡರು, ಅಷ್ಟೇ.

ರಸ್ತೆಯೇ ಡೈನೋ

ಇಕ್ಕಟ್ಟು ಗೊತ್ತಾಯಿತು. ಈಗ ನಿಜವಾಗಿಯೂ ಕಾರು ಚುರುಕಾಯಿತೇ ಅಂತ ನೋಡಬೇಕು. ಕಾರಿನ ತೂಕ ಮತ್ತು ಒಂದು ವೇಗದಿಂದ ಇನ್ನೊಂದಕ್ಕೆ ಹೋಗಲು ತೆಗೆದುಕೊಂಡ ಸಮಯ ಗೊತ್ತಿದ್ದರೆ ಶಕ್ತಿ ಲೆಕ್ಕ ಹಾಕಬಹುದು. ಓಡಿಸುವವರೂ ಸೇರಿ 1,250 ಕೆಜಿ ಇರುವ ಕಾರು ಮೂರನೇ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿ.ಮೀ.ಗೆ 5 ಸೆಕೆಂಡಿನಲ್ಲಿ ಹೋದರೆ, ಅದರ ಚಲನೆಯ ಶಕ್ತಿ 231 ಕಿಲೋಜೂಲ್ ಹೆಚ್ಚಿರುತ್ತದೆ. 5ರಿಂದ ಭಾಗಿಸಿದರೆ 46 ಕಿಲೋವ್ಯಾಟ್, ಸರಾಸರಿ 63 ಪಿಎಸ್. ಗಾಳಿ ಮತ್ತು ಟೈರಿನ ಎಳೆತಕ್ಕೆ ಹೋದದ್ದು ಇದರಲ್ಲಿ ಇಲ್ಲ. ಮೊದಲು, ಆಮೇಲೆ ಅಂತ ಹೋಲಿಸಲು ಅದು ಬೇಕಾಗುವುದೂ ಇಲ್ಲ.

ಶಕ್ತಿ ಶೇಕಡಾ 3 ಹೆಚ್ಚಿದರೆ ಈ 5 ಸೆಕೆಂಡು 4.85 ಆಗುತ್ತದೆ. ವ್ಯತ್ಯಾಸ 0.15 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು ತಡ ಮಾಡುವುದೇ ಸುಮಾರು 0.2 ಸೆಕೆಂಡು. ಹಾಗಾಗಿ ಕೈಗಡಿಯಾರದ ಆಟ ಬೇಡ.

ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಲೆಕ್ಕ ಕೊಡುತ್ತದೆ, ಅದೂ ಸಾಲದು. ಫೋನಿನ ಆಕ್ಸೆಲೆರೋಮೀಟರ್ (ವೇಗ ಏರುವುದನ್ನು ಅಳೆಯುವ ಸೆನ್ಸರ್) ಇನ್ನೂ ಮೋಸ: ಪೆಡಲ್ ಒತ್ತಿದಾಗ ಕಾರಿನ ಮೂತಿ ಮೇಲೇಳುತ್ತದೆ, ಆ ಒಂದು ಡಿಗ್ರಿ ವಾಲುವಿಕೆಯೇ ನಮ್ಮ ಈ ಕಾರಿನ ವೇಗೋತ್ಕರ್ಷದಲ್ಲಿ ಶೇಕಡಾ 8ರಷ್ಟು ಸುಳ್ಳು ಸೇರಿಸುತ್ತದೆ. ಸೆಕೆಂಡಿಗೆ 10 ಸಲ ಓದುವ ಹೊರಗಿನ ಜಿಪಿಎಸ್ ರಿಸೀವರ್ ಒಳ್ಳೆಯದು. ಅದಿಲ್ಲದಿದ್ದರೆ ಓಬಿಡಿಯಿಂದ ಆರ್‌ಪಿಎಂ ದಾಖಲಿಸಿ. ವೇಗದ ಅಂಕಿಯನ್ನು ಬಿಡಿ, ಅದು ಗಂಟೆಗೆ 1 ಕಿ.ಮೀ. ಲೆಕ್ಕದಲ್ಲಿ ಹಾರುತ್ತದೆ. ಆರ್‌ಪಿಎಂ ಬಹಳ ನವಿರಾಗಿ ಬರುತ್ತದೆ, ಒಂದೇ ಗೇರಿನಲ್ಲಿ ಕ್ಲಚ್ ಜಾರದಿದ್ದರೆ ಆರ್‌ಪಿಎಂ ಅಂದರೂ ವೇಗ ಅಂದರೂ ಒಂದೇ. ಆ್ಯಪ್‌ನಲ್ಲಿ ಹತ್ತು ಅಂಕಿ ಒಟ್ಟಿಗೆ ಕೇಳಬೇಡಿ, ಕೇಳಿದಷ್ಟೂ ಪ್ರತಿಯೊಂದರ ಉತ್ತರ ತಡವಾಗುತ್ತದೆ. ಆರ್‌ಪಿಎಂ ಮತ್ತು ಗಾಳಿಯ ಉಷ್ಣತೆ ಸಾಕು.

ಇನ್ನು ರಸ್ತೆ. ಖಾಲಿ ಇರಬೇಕು, ಮುಚ್ಚಿದ ಟ್ರ್ಯಾಕ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಮತಟ್ಟು ಅಂತ ಕಣ್ಣಿಗೆ ಕಂಡರೆ ನಂಬಬೇಡಿ. ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಇಳಿಜಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಈ ಕಾರಿಗೆ 3.7 ಪಿಎಸ್ ಪುಕ್ಕಟೆ ಕೊಡುತ್ತದೆ. ಗಂಟೆಗೆ 10 ಕಿ.ಮೀ.ನ ಎದುರು ಗಾಳಿ ಅದೇ ವೇಗದಲ್ಲಿ ಸುಮಾರು ಒಂದೂವರೆ ಪಿಎಸ್ ಕಿತ್ತುಕೊಳ್ಳುತ್ತದೆ. ಅದಕ್ಕೇ ಒಂದೇ ರಸ್ತೆಯಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಅಳೆದು ಸರಾಸರಿ ತೆಗೆಯುವುದು. 30 ಲೀಟರ್ ಪೆಟ್ರೋಲ್ ಅಂದರೆ 22 ಕೆಜಿ, ಶೇಕಡಾ 2ರ ಹತ್ತಿರ ತೂಕ. ಹಳೆಯದನ್ನು ಅಳೆಯುವಾಗಲೂ ಹೊಸದನ್ನು ಅಳೆಯುವಾಗಲೂ ಟ್ಯಾಂಕ್ ಒಂದೇ ಮಟ್ಟದಲ್ಲಿರಲಿ. ಟೈರಿನ ಗಾಳಿ ಸಮ, ಎಸಿ ಬಂದ್, ಕಿಟಕಿ ಮುಚ್ಚಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ. ಬಾಟಲಿ ನೋಡಲು ಬಂದ ಗೆಳೆಯ ಎರಡನೇ ಸಲವೂ ಬರಬೇಕು, ಇಲ್ಲವೇ ಎರಡೂ ಸಲ ಬರಬಾರದು.

ಹಳೆಯದು, ಹೊಸದು, ಮತ್ತೆ ಹಳೆಯದು

ಒಂದು ಉದಾಹರಣೆ ನೋಡೋಣ, ಅಂಕಿಗಳು ನಾನೇ ಇಟ್ಟದ್ದು. ಹಳೆಯ ಇಂಟೇಕ್ ಇದ್ದಾಗ ಐದು ಓಟ: 5.02, 5.11, 4.98, 5.07, 5.02 ಸೆಕೆಂಡು. ಸರಾಸರಿ 5.04. ಹೊಸದು ಹಾಕಿ ಐದು ಓಟ: 4.97, 5.05, 4.92, 5.02, 4.94. ಸರಾಸರಿ 4.98. ಶೇಕಡಾ 1.2 ಹೆಚ್ಚಳ! ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ ಖುಷಿಯಿಂದ ಮನೆಗೆ ಹೋಗುತ್ತಾರೆ.

ಹೋಗಬೇಡಿ. ಹೊಸದನ್ನು ಬಿಚ್ಚಿ ಮತ್ತೆ ಹಳೆಯದನ್ನೇ ಹಾಕಿ ಇನ್ನೈದು ಓಟ ಮಾಡಿ: 4.95, 5.04, 4.93, 5.00, 4.98. ಸರಾಸರಿ 4.98. ಏನಾಯಿತು? ಸಂಜೆಯಾಗಿ ಗಾಳಿ ತಣ್ಣಗಾಗಿತ್ತು. ಟೈರು, ಗೇರ್‌ಬಾಕ್ಸ್ ಎಣ್ಣೆ ಚೆನ್ನಾಗಿ ಬಿಸಿಯಾಗಿ ಎಳೆತ ಕಡಿಮೆಯಾಗಿತ್ತು. ಹೊಸ ಇಂಟೇಕ್ ಮಾಡಿದ್ದು ಏನೂ ಇಲ್ಲ. ಇಷ್ಟಕ್ಕೂ ಒಂದೇ ಗುಂಪಿನ ಐದು ಓಟಗಳಲ್ಲೇ 0.13 ಸೆಕೆಂಡ್‌ವರೆಗೆ ಏರುಪೇರು ಇರುವಾಗ, 0.06 ಸೆಕೆಂಡನ್ನು ಲಾಭ ಅಂತ ಹೇಗೆ ಬರೆದುಕೊಳ್ಳುವುದು? ಹಳೆಯದಕ್ಕೆ ಮರಳಿ ಹೋಗುವ ಈ ಮೂರನೇ ಸುತ್ತು ಬೇಜಾರಿನ ಕೆಲಸ, ನಿಜ. ಆದರೆ ಮೊದಲೆರಡು ಸುತ್ತು ನಿಜವೋ ಸುಳ್ಳೋ ಅಂತ ಹೇಳುವುದು ಅದೊಂದೇ.

ಹವೆಯ ಪಾತ್ರ ಎಷ್ಟು ಅಂತ ಬೇಕಾದರೆ ನೋಡಿ. ಬೆಳಿಗ್ಗೆ 22 ಡಿಗ್ರಿ, ಮಧ್ಯಾಹ್ನ 38 ಡಿಗ್ರಿ ಇದ್ದರೆ ಗಾಳಿ ಶೇಕಡಾ 5ರಷ್ಟು ತೆಳುವಾಗುತ್ತದೆ. ಹವೆಯ ವ್ಯತ್ಯಾಸ ತಿದ್ದಲು ಡೈನೋಗಳಲ್ಲಿ ಬಳಸುವ ಎಸ್‌ಎಇ ಜೆ1349 ಸೂತ್ರದ ಪ್ರಕಾರ ಶಕ್ತಿಯಲ್ಲಿ ಅದು ಶೇಕಡಾ 3ರ ವ್ಯತ್ಯಾಸ. ಸೆಕೆ ಬೇರೆ ಇದ್ದರೆ ನೀರಾವಿ ಗಾಳಿಯ ಜಾಗವನ್ನೂ ತಿನ್ನುತ್ತದೆ: 35 ಡಿಗ್ರಿಯಲ್ಲಿ ತೇವಾಂಶ ಶೇಕಡಾ 80 ಇದ್ದರೆ ಗಾಳಿಯಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಪಾಲು ನೀರಾವಿಯೇ. ಸೆಕೆಯ ಮಧ್ಯಾಹ್ನ ಹಳೆಯದನ್ನು ಅಳೆದು, ಮರುದಿನ ತಂಪು ಬೆಳಿಗ್ಗೆ ಹೊಸದನ್ನು ಅಳೆದರೆ ಯಾವ ಪೈಪ್ ಹಾಕಿದರೂ ಲಾಭವೇ ಕಾಣುತ್ತದೆ.

ಇಸಿಯುನ ನೆನಪು ಇನ್ನೊಂದು ತಲೆನೋವು. ಸಾಮಾನು ಬದಲಾಯಿಸುವಾಗ ಬ್ಯಾಟರಿ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಅದು ಕಲಿತಿದ್ದ ಪೆಟ್ರೋಲ್ ತಿದ್ದುಪಡಿ, ಐಡ್ಲಿಂಗ್ ತಿದ್ದುಪಡಿ ಎಲ್ಲ ಮರೆತುಬಿಡುತ್ತದೆ. ಆಮೇಲೆ ಕಾರು ಬೇರೆ ಥರ ಓಡುತ್ತದೆ, ಆ ಹೆಸರು ಫಿಲ್ಟರ್‌ಗೆ ಹೋಗುತ್ತದೆ. ಕೆಲವು ದಿನ ಮಾಮೂಲಿಯಾಗಿ ಓಡಿಸಿ, ಆಮೇಲೆ ಅಳೆಯಿರಿ.

ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಕಾರಿನಲ್ಲಿ ಅದರ ಅಂಕಿ ನೋಡಿ ಶಕ್ತಿ ಅಂದಾಜು ಮಾಡುವವರಿದ್ದಾರೆ. ಸುಮಾರು 0.8 ಗ್ರಾಂ ಗಾಳಿ ಸೆಕೆಂಡಿಗೆ ಹೋದರೆ ಒಂದು ಹಾರ್ಸ್‌ಪವರ್ ಅನ್ನುವ ಒರಟು ಲೆಕ್ಕ. ಏನೂ ಬದಲಾಯಿಸದ ಕಾರಿಗೆ ಇದು ಪರವಾಗಿಲ್ಲ. ಆದರೆ ಸೆನ್ಸರ್ ಕೂತಿರುವ ಪೈಪನ್ನೇ ದಪ್ಪ ಮಾಡಿದಿರೋ, ಕೆಟ್ಟಿತು. ಅಷ್ಟೇ ಗಾಳಿ ಅಗಲದ ಪೈಪಿನಲ್ಲಿ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ಕಡಿಮೆ ಅಂತ ಓದುತ್ತದೆ, ಇಸಿಯು ಕಡಿಮೆ ಪೆಟ್ರೋಲ್ ಕೊಡುತ್ತದೆ. ಮಾಮೂಲಿ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಅದನ್ನು ಸರಿಪಡಿಸಿಕೊಳ್ಳಬಹುದು. ಪೂರ್ತಿ ಪೆಡಲ್‌ನಲ್ಲಿ ಆ ಕಾವಲು ಇರದಿದ್ದರೆ ಪೆಟ್ರೋಲ್ ಸಾಲದೆ ನಾಕಿಂಗ್ ಶುರುವಾಗಬಹುದು. ಓಬಿಡಿಯಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಕಲಿತ ಪೆಟ್ರೋಲ್ ತಿದ್ದುಪಡಿ, ಶೇಕಡಾ ಲೆಕ್ಕದಲ್ಲಿ) ಮೊದಲು 1 ಇದ್ದದ್ದು ಆಮೇಲೆ 10 ತೋರಿಸಿದರೆ, ಅದನ್ನು ಎಚ್ಚರಿಕೆ ಅಂತಲೇ ಓದಬೇಕು.

ಡೈನೋ ಚೀಟಿ ಓದುವುದು

ಡೈನೋಗೆ ಹೋಗುವುದಾದರೆ ಒಳ್ಳೆಯದೇ, ಅಲ್ಲಿ ಇಳಿಜಾರು, ಎದುರು ಗಾಳಿಯ ಕಾಟ ಇಲ್ಲ. ಭಾರದ ರೋಲರ್ ಎಷ್ಟು ಬೇಗ ವೇಗ ಹಿಡಿಯುತ್ತದೆ ಅಂತ ನೋಡುವುದು ಒಂದು ಬಗೆ, ರೋಲರನ್ನು ಬ್ರೇಕ್ ಹಾಕಿ ಹಿಡಿದು ಅಳೆಯುವುದು ಇನ್ನೊಂದು. ಎರಡು ಬೇರೆ ಡೈನೋಗಳ ಅಂಕಿ ಹೋಲಿಸಬೇಡಿ. ಒಂದೇ ಡೈನೋದಲ್ಲೂ ಕಾರು ಕಟ್ಟಿದ ಬೆಲ್ಟ್ ಎಷ್ಟು ಬಿಗಿ, ಟೈರಿನ ಗಾಳಿ ಎಷ್ಟು ಅನ್ನುವುದರಿಂದ ಅಂಕಿ ಅಲ್ಲಾಡುತ್ತದೆ. ಚಕ್ರದಲ್ಲಿ ಅಳೆದದ್ದಕ್ಕೆ ಅಂದಾಜಿನಲ್ಲಿ ಶೇಕಡಾ 15 ಸೇರಿಸಿ "ಎಂಜಿನ್ ಪವರ್" ಅಂತ ಕೊಡುವವರಿದ್ದಾರೆ. ಆ ಅಂಕಿ ಬೇಡ, ಚಕ್ರದ್ದನ್ನೇ ಕೇಳಿ.

ಚೀಟಿಯ ಮೂಲೆಯಲ್ಲಿ ಎಸ್‌ಎಇ ಅಂತಲೋ ಎಸ್‌ಟಿಡಿ ಅಂತಲೋ ಬರೆದಿರುತ್ತದೆ. ಮೊದಲನೆಯದು 25 ಡಿಗ್ರಿ, 99 ಕಿಲೋಪ್ಯಾಸ್ಕಲ್ ಒಣ ಗಾಳಿಗೆ ತಿದ್ದಿದ ಅಂಕಿ. ಎರಡನೆಯದು ಹಳೆಯ ಜೆ607, ಸುಮಾರು 15.5 ಡಿಗ್ರಿಯ ತಂಪು ಗಾಳಿಗೆ ತಿದ್ದಿದ್ದು, ಸುಮಾರು ಶೇಕಡಾ 4 ಜಾಸ್ತಿ ಬರುತ್ತದೆ. ಮೊದಲ ಚೀಟಿ ಎಸ್‌ಎಇ, ಎರಡನೆಯದು ಎಸ್‌ಟಿಡಿ ಆಗಿದ್ದರೆ ಲಾಭ ಅಚ್ಚು ಹಾಕುವ ಯಂತ್ರದ್ದು. ಟರ್ಬೋ ಕಾರಿಗೆ ಈ ತಿದ್ದುಪಡಿ ಇನ್ನೂ ಎಡವಟ್ಟು. ಹವೆ ಬದಲಾದರೂ ಎಷ್ಟೋ ಟರ್ಬೋ ಕಾರುಗಳಲ್ಲಿ ಇಸಿಯು ತನ್ನ ಬೂಸ್ಟ್ (ಟರ್ಬೋ ತುಂಬುವ ಗಾಳಿಯ ಒತ್ತಡ) ತಾನೇ ಸರಿಮಾಡಿಕೊಳ್ಳುವುದರಿಂದ ಸೂತ್ರ ಬೇಕಾದ್ದಕ್ಕಿಂತ ಜಾಸ್ತಿ ತಿದ್ದುತ್ತದೆ. ತಿದ್ದದ ಅಂಕಿಯನ್ನೂ ಕೇಳಿ ಇಟ್ಟುಕೊಳ್ಳಿ.

ಬಾನೆಟ್ ತೆರೆದು, ಮುಂದೆ ದೊಡ್ಡ ಫ್ಯಾನ್ ಇಟ್ಟು ಓಡಿಸಿದರೆ ಕೋನ್ ಫಿಲ್ಟರ್‌ಗೆ ಹಬ್ಬ. ರಸ್ತೆಯಲ್ಲಿ ಹಾಗೆ ಯಾರೂ ಓಡಿಸುವುದಿಲ್ಲವಲ್ಲ, ಬಾನೆಟ್ ಮುಚ್ಚಿಯೇ ಅಳೆಯಲು ಹೇಳಿ. ಹಳೆಯದಕ್ಕೆ ಮೂರು ಓಟ, ಹೊಸದಕ್ಕೆ ಮೂರು, ಮಧ್ಯೆ ತಣ್ಣಗಾಗಲು ಅಷ್ಟೇ ಸಮಯ, ಕೊನೆಗೆ ಹಳೆಯದಕ್ಕೆ ಇನ್ನೊಮ್ಮೆ.

ಕೊನೆಗೆ ಚೀಟಿಯ ತುದಿಯ ಅಂಕಿ ಒಂದನ್ನೇ ನೋಡದೆ, ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. 6,000 ಆರ್‌ಪಿಎಂನಲ್ಲಿ ಹೊಸ ಗೆರೆ 3 ಪಿಎಸ್ ಮೇಲಿರಬಹುದು. ಬೆರಳನ್ನು ಎಡಕ್ಕೆ ಸರಿಸುತ್ತಾ ಬನ್ನಿ. 2,500ರ ಹತ್ತಿರ, ನೀವು ದಿನಾ ಓಡಿಸುವ ಜಾಗದಲ್ಲಿ, ಹಳೆಯ ಗೆರೆಯೇ ಮೇಲಿದ್ದರೆ? ಆ ಹಳೆಯ ಏರ್ ಬಾಕ್ಸ್, ಅದರ ಕ್ಲಿಪ್ಪು, ಸ್ಕ್ರೂ ಎಲ್ಲ ಎಸೆಯದೆ ಇಟ್ಟುಕೊಂಡಿದ್ದೀರಿ ತಾನೆ?